ಬೆಂಗಳೂರಲ್ಲಿ ನೋವಿಗೆ ಮಾತ್ರೆ ಸುಲಭ, ಸಲಹೆ ಕಷ್ಟ

ರಾತ್ರಿ ಎಂಟು ಗಂಟೆಗೆ ಮೈಸೂರು ರಸ್ತೆಯ ಬ್ಯಾಟರಾಯನಪುರದಲ್ಲಿ ಯಾವುದಾದರೂ ಮೆಡಿಕಲ್ ಶಾಪ್ ಮುಂದೆ ಹತ್ತು ನಿಮಿಷ ನಿಂತು ನೋಡಿ. ಗಾರ್ಮೆಂಟ್ಸ್ ಕೆಲಸ ಮುಗಿಸಿದ ಹೆಣ್ಣುಮಕ್ಕಳು ತರಕಾರಿ ಚೀಲ ಹಿಡಿದುಕೊಂಡೇ ಬಂದು ನಿಲ್ಲುತ್ತಾರೆ. ಹೋದ ವಾರ ನಾನು ಅಮ್ಮನ ಬಿಪಿ ಮಾತ್ರೆಗೆ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ಅಕ್ಕ ಕೇಳಿದರು, "ಅಣ್ಣಾ, ಮೊನ್ನೆ ಕೊಟ್ರಲ್ಲ, ಅದೇ ಮಾತ್ರೆ ಕೊಡಿ." ಕೌಂಟರ್ ಹುಡುಗ ಕೇಳಿದ, "ಸೊಂಟಕ್ಕಾ, ಭುಜಕ್ಕಾ?" "ಎರಡಕ್ಕೂ. ನಾಲ್ಕು ಸಾಕು." ಹುಡುಗ ಕತ್ತರಿ ತಗೊಂಡು ಸ್ಟ್ರಿಪ್ ಕತ್ತರಿಸಿದ, ಜೊತೆಗೆ ಎರಡು ಗ್ಯಾಸ್ ಮಾತ್ರೆ ಹಾಕಿದ, ಫೋನ್‌ಪೇ ಡಬ್ಬಿ ದುಡ್ಡು ಬಂತು ಅಂತ ಕೂಗಿತು, ಅಷ್ಟೇ.

ಆ ಕತ್ತರಿಸಿದ ತುಂಡಿನ ಮೇಲೆ ಮಾತ್ರೆಯ ಹೆಸರು ಪೂರ್ತಿ ಇರಲಿಲ್ಲ. ಎಕ್ಸ್‌ಪೈರಿ ತಾರೀಕು ಇನ್ನೊಂದು ತುದಿಯಲ್ಲಿ ಉಳಿದುಕೊಂಡಿತು. ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದು ಅಂತ ಹೇಳುವ ಕೆಂಪು ಗೆರೆಯೂ ಅದರ ಜೊತೆಗೇ ಹೋಯಿತು.

ಆ ಹುಡುಗನನ್ನು ಬೈಯುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಎಲ್ಲಿ ನೋವು ಅಂತ ಆ ದಿನ ಅವರನ್ನು ಕೇಳಿದವನು ಬಹುಶಃ ಅವನೊಬ್ಬನೇ. ನಾನು ಹೇಳಬೇಕು ಅಂದುಕೊಂಡಿರುವುದೂ ಇದನ್ನೇ. ನಮ್ಮ ಊರಲ್ಲಿ ನೋವಿಗೆ ಮಾತ್ರೆ, ಸ್ಕ್ಯಾನ್, ಬೆಲ್ಟು, ಎಣ್ಣೆ ಎಲ್ಲಾ ಸಲೀಸಾಗಿ ಸಿಗುತ್ತವೆ. ಕೂತು ಕೇಳಿ, ಇದು ಯಾಕೆ ಆಗುತ್ತಿದೆ, ಏನು ಮಾಡಬಹುದು ಅಂತ ಬಿಡಿಸಿ ಹೇಳುವವರು ಸಿಗುವುದಿಲ್ಲ. ಇದನ್ನು ಸಣ್ಣ ಕೊರತೆ ಅಂದುಕೊಂಡು ಬಿಟ್ಟಿದ್ದೇವೆ. ಆದರೆ ಕಿಡ್ನಿ ಕೆಡುವುದು, ತಲೆನೋವು ಜಾಸ್ತಿ ಆಗುವುದು, ನಡೆಯಬಲ್ಲವರು ಹೆದರಿ ನಡೆಯುವುದನ್ನೇ ಬಿಡುವುದು, ಇದೆಲ್ಲಾ ಶುರುವಾಗುವುದು ಅಲ್ಲಿಂದಲೇ.

ಮೊದಲು ಒಂದು ವಿಷಯ ಗೊತ್ತಿರಬೇಕು. ಕಾಲು ಉಳುಕಿದ ನೋವೂ ಎರಡು ವರ್ಷದಿಂದ ಬಿಡದ ಸೊಂಟನೋವೂ ಒಂದೇ ಅಲ್ಲ. ಮೂರು ತಿಂಗಳಿಗಿಂತ ಜಾಸ್ತಿ ಇರುವ, ಅಥವಾ ಹೋಗಿ ಹೋಗಿ ಮತ್ತೆ ಬರುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರಿಂದ ಜಾರಿಯಲ್ಲಿದೆ. ಅದರಲ್ಲಿ ಇದಕ್ಕೆ ಬೇರೆಯೇ ಜಾಗ ಕೊಟ್ಟಿದ್ದಾರೆ. ಅಂದರೆ ನೋವು ಯಾವಾಗಲೂ ಇನ್ನೊಂದು ಕಾಯಿಲೆಯ ಲಕ್ಷಣವಾಗಿಯೇ ಇರಬೇಕಿಲ್ಲ. ಕೆಲವು ಸಲ ನೋವೇ ಕಾಯಿಲೆ.

ಹೇಗೆ ಅಂತ ಕೇಳಿದರೆ ನಾನು ನಮ್ಮ ಓವರ್‌ಹೆಡ್ ಟ್ಯಾಂಕಿನ ಅಲಾರಂ ಉದಾಹರಣೆ ಕೊಡುತ್ತೇನೆ. ಟ್ಯಾಂಕ್ ತುಂಬಿದರೆ ಅದು ಕೂಗಬೇಕು, ನಾವು ಓಡಿ ಹೋಗಿ ಮೋಟಾರ್ ಆಫ್ ಮಾಡಬೇಕು. ಬೋರ್‌ವೆಲ್ ನೀರಿನ ಬಿಳಿ ಪೊರೆ ಸೆನ್ಸರ್ ಮೇಲೆ ಕಟ್ಟಿತು ಅಂದರೆ ಟ್ಯಾಂಕ್ ಅರ್ಧ ಖಾಲಿ ಇದ್ದರೂ ಅದು ಕೂಗುತ್ತಲೇ ಇರುತ್ತದೆ. ಕೂಗು ಸುಳ್ಳಲ್ಲ, ನಿಜವಾಗಿಯೂ ಕಿವಿಗೆ ಕೇಳುತ್ತಿದೆ, ರಾತ್ರಿ ನಿದ್ದೆ ಕೆಡಿಸುತ್ತಿದೆ. ಆದರೆ ನೀರು ತುಂಬಿ ಹರಿಯುತ್ತಿಲ್ಲ. ತಿಂಗಳುಗಟ್ಟಲೆ ನೋವು ಉಂಡ ನರಗಳು, ಬೆನ್ನುಹುರಿ, ಮೆದುಳು ಹೀಗೇ ಆಗುತ್ತವೆ. ಗಾಯ ಮಾಗಿದ ಮೇಲೂ ಸಣ್ಣ ಒತ್ತಡಕ್ಕೆ, ಬಗ್ಗಿದ್ದಕ್ಕೆ, ಕೆಲವರಿಗೆ ಬರೀ ತಣ್ಣನೆ ಗಾಳಿಗೆ ಕೂಡ ದೊಡ್ಡದಾಗಿ ಕೂಗುತ್ತವೆ. ನಿದ್ದೆ ಕೆಟ್ಟರೆ, ಮನಸ್ಸು ಕುಗ್ಗಿದರೆ, ಭಯ ಇದ್ದರೆ ಕೂಗು ಇನ್ನೂ ಏರುತ್ತದೆ. ಇದನ್ನು ಯಾರೂ ಹೇಳದೇ ಹೋದಾಗ ನಾವು ಅಂದುಕೊಳ್ಳುವುದು ಒಂದೇ: ಒಳಗೆ ಏನೋ ಮುರೀತಿದೆ, ಸವೀತಿದೆ.

"ಸವೆದಿದೆ" ಅನ್ನುವ ಈ ಮಾತು ನಮ್ಮ ಮನೆಯಲ್ಲಿ ಮಾಡಿದ ಹಾನಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮಮ್ಮನಿಗೆ ಅರವತ್ತೆರಡು ವಯಸ್ಸು. ಪ್ರತಿ ಶನಿವಾರ ಗಾಳಿ ಆಂಜನೇಯ ದೇವಸ್ಥಾನಕ್ಕೆ ನಡೆದುಕೊಂಡೇ ಹೋಗಿ ಬರುತ್ತಿದ್ದರು. ಮಂಡಿನೋವು, ಸೊಂಟನೋವು ಅಂತ ಒಬ್ಬ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಅವರು ಎಕ್ಸ್‌ರೇ ಹಾಗೂ ಸ್ಕ್ಯಾನ್ ಬೆಳಕಿಗೆ ಹಿಡಿದು, "ಎಲ್ಲಾ ಸವೆದಿದೆ ಅಮ್ಮ, ಡಿಸ್ಕ್ ಜಾರಿದೆ, ಮಂಡಿಯಲ್ಲಿ ಗ್ಯಾಪ್ ಕಮ್ಮಿ ಆಗಿದೆ, ಇನ್ಮೇಲೆ ಕೆಳಗೆ ಕೂರಬೇಡಿ" ಅಂದರು. ಎರಡು ನಿಮಿಷದ ಮಾತು. ಅಲ್ಲಿಂದ ಅಮ್ಮ ರಂಗೋಲಿ ಬಿಟ್ಟರು. ದೇವಸ್ಥಾನ ಬಿಟ್ಟರು. ಬಸ್ ಹತ್ತುವುದು ಬಿಟ್ಟರು. ಆರು ತಿಂಗಳಲ್ಲಿ ತೊಡೆ ಸೊರಗಿ ಹೋಯಿತು. ಮಂಡಿಯ ಭಾರ ಹೊರಬೇಕಾದದ್ದೇ ತೊಡೆಯ ಸ್ನಾಯು, ಅಲ್ವಾ? ನೋವು ಮೊದಲಿಗಿಂತ ಜಾಸ್ತಿ ಆಯಿತು.

ಆ ಎರಡು ನಿಮಿಷದಲ್ಲಿ ಹೇಳಬಹುದಾಗಿದ್ದ ಇನ್ನೊಂದು ಮಾತಿದೆ. ಬೆನ್ನುನೋವೇ ಇಲ್ಲದ 3,000ಕ್ಕೂ ಹೆಚ್ಚು ಜನರ ಬೆನ್ನಿನ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ದೊಡ್ಡ ವಿಮರ್ಶೆ ಪ್ರಕಟವಾಯಿತು. ಯಾವ ನೋವೂ ಇಲ್ಲದ ಇಪ್ಪತ್ತು ವರ್ಷದವರಲ್ಲಿ 100ಕ್ಕೆ 37 ಜನರ ಡಿಸ್ಕ್ ಸವೆದಿತ್ತು. ಐವತ್ತರವರಲ್ಲಿ 80 ಜನರಿಗೆ, ಎಂಬತ್ತರವರಲ್ಲಿ 96 ಜನರಿಗೆ. ತಲೆಕೂದಲು ನರೆಯುತ್ತದೆ, ಡಿಸ್ಕ್ ಸವೆಯುತ್ತದೆ. ಸ್ಕ್ಯಾನ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಯಾವಾಗ ಬೇಕೇ ಬೇಕು ಅನ್ನುವುದನ್ನು ಮುಂದೆ ಹೇಳುತ್ತೇನೆ. ಆದರೆ ರಿಪೋರ್ಟಿನಲ್ಲಿ ಬರೆದದ್ದೆಲ್ಲಾ ನೋವಿಗೆ ಕಾರಣ ಅಲ್ಲ ಅಂತ ಒಬ್ಬರಾದರೂ ಹೇಳಿದ್ದರೆ ಅಮ್ಮ ಆರು ತಿಂಗಳು ಸೋಫಾ ಹಿಡಿಯುತ್ತಿರಲಿಲ್ಲ.

ಆ ಆರು ತಿಂಗಳೂ ಮಾತ್ರೆ ನಡೆಯಿತು. ಮೊದಲು ಚೀಟಿ ಇತ್ತು, ಆಮೇಲೆ ಖಾಲಿ ಸ್ಟ್ರಿಪ್ ತೋರಿಸಿದರೆ ಸಾಕಾಯಿತು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಎಲ್ಲಾ ಒಂದೇ ಜಾತಿಯ ಮಾತ್ರೆಗಳು. ನೋವು, ಊತ ತರುವ ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕವನ್ನು ತಡೆಯುತ್ತವೆ. ಕಷ್ಟ ಏನು ಅಂದರೆ ಅದೇ ರಾಸಾಯನಿಕ ಹೊಟ್ಟೆಯ ಒಳಪದರವನ್ನೂ ಕಾಯುತ್ತದೆ, ಕಿಡ್ನಿಗೆ ಹೋಗುವ ರಕ್ತದ ಹರಿವನ್ನೂ ನೋಡಿಕೊಳ್ಳುತ್ತದೆ. ಜೊತೆಗೆ ಕೊಡುವ ಗ್ಯಾಸ್ ಮಾತ್ರೆ ಹೊಟ್ಟೆಯನ್ನು ಸ್ವಲ್ಪ ಮಟ್ಟಿಗೆ ಕಾಪಾಡುತ್ತದೆ. ಕಿಡ್ನಿಯನ್ನು ಅದು ಕಾಪಾಡುವುದಿಲ್ಲ. ಕೆಲವು ಜಾತಿಯ ಬಿಪಿ ಮಾತ್ರೆ, ಮೂತ್ರ ಹೆಚ್ಚು ಮಾಡುವ ಮಾತ್ರೆ, ಇದರ ಮೇಲೆ ನೋವಿನ ಮಾತ್ರೆ, ಮೂರೂ ಸೇರಿದರೆ ಕಿಡ್ನಿಗೆ ಅಪಾಯ ತುಂಬಾ ಜಾಸ್ತಿ. ಅಮ್ಮನಿಗೆ ಬೇರೆ ಯಾವುದಕ್ಕೋ ರಕ್ತಪರೀಕ್ಷೆ ಮಾಡಿಸಿದಾಗ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಏರಿದ್ದು ಕಂಡಿತು. ಆ ಡಾಕ್ಟರ್ ನೋವಿನ ಮಾತ್ರೆ ನಿಲ್ಲಿಸಿದರು. ನಮ್ಮ ಪುಣ್ಯ, ಅದು ನಿಧಾನವಾಗಿ ಕೆಳಗಿಳಿಯಿತು. ಎಲ್ಲರಿಗೂ ಇಳಿಯುವುದಿಲ್ಲ.

ಇಲ್ಲಿ ನನಗೆ ರಾಮದೇವರ ಬೆಟ್ಟ ನೆನಪಾಗುತ್ತದೆ. ಇದೇ ಮೈಸೂರು ರಸ್ತೆಯಲ್ಲಿ ಸೀದಾ ಹೋದರೆ ರಾಮನಗರ, ಅಲ್ಲಿ 2012ರಲ್ಲಿ ರಣಹದ್ದುಗಳಿಗೆ ಅಂತಲೇ ಧಾಮ ಘೋಷಿಸಿದರು. ದೇಶದಲ್ಲಿ ರಣಹದ್ದು ಆ ಮಟ್ಟಕ್ಕೆ ನಾಶವಾಗಿದ್ದು ಮುಖ್ಯವಾಗಿ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್‌ನಿಂದ. ಸತ್ತ ದನವನ್ನು ತಿಂದ ಹದ್ದುಗಳ ಕಿಡ್ನಿ ಕೆಟ್ಟು ಸತ್ತವು. 2006ರಲ್ಲಿ ದನಗಳಿಗೆ ಅದನ್ನು ನಿಷೇಧಿಸಿದರು. ಮನುಷ್ಯರ ದೇಹ ಹದ್ದಿನಂತಲ್ಲ, ನಮಗೆ ಆ ಔಷಧಿ ಸರಿಯಾಗಿ ತೆಗೆದುಕೊಂಡರೆ ಉಪಯೋಗವೇ. ಆದರೂ ಕಡಲೆಕಾಯಿ ಕೊಟ್ಟ ಹಾಗೆ ಕತ್ತರಿಸಿ ಕೊಡುವ ವಸ್ತು ಅದಲ್ಲ. ಗಾರ್ಮೆಂಟ್ಸ್‌ನಲ್ಲಿ ಟಾಯ್ಲೆಟ್‌ಗೆ ಎದ್ದರೆ ಟಾರ್ಗೆಟ್ ತಪ್ಪುತ್ತದೆ ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡವರಿದ್ದಾರೆ. ಮೈಯಲ್ಲಿ ನೀರಿಲ್ಲ, ಮೇಲೆ ದಿನಾ ಈ ಮಾತ್ರೆ. ಅದನ್ನು ನೆನೆದರೆ ನನಗೆ ನಿಜಕ್ಕೂ ಭಯ ಆಗುತ್ತದೆ.

ಪ್ಯಾರಾಸಿಟಮಾಲ್ ವಿಷಯವನ್ನೂ ಹೇಳಿಬಿಡುತ್ತೇನೆ. ಸೊಂಟನೋವಿಗೆ ಕೊಡುವ ಮಾತ್ರೆಗಳಲ್ಲಿ ಬಹಳಷ್ಟು ಒಂದಕ್ಕಿಂತ ಹೆಚ್ಚು ಔಷಧಿ ಸೇರಿಸಿದ ಜೋಡಿ ಮಾತ್ರೆಗಳು, ಒಳಗೆ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ. ಅದು ಗೊತ್ತಿಲ್ಲದೆ ಜ್ವರಕ್ಕೆ, ಮೈಕೈ ನೋವಿಗೆ ಮೇಲಿಂದ ಡೋಲೋ 650 ನುಂಗುತ್ತೇವೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮಿತಿ, 650ರ ಮಾತ್ರೆ ಆರು ತಗೊಂಡರೆ ಮಿತಿ ಹತ್ತಿರ ಬಂದಾಯಿತು. ಕುಡಿಯುವ ಅಭ್ಯಾಸ ಇದ್ದವರಿಗೆ, ಲಿವರ್ ತೊಂದರೆ ಇದ್ದವರಿಗೆ ಮಿತಿ ಇನ್ನೂ ಕಡಿಮೆ.

ತಲೆನೋವಿನ ಕಥೆ ಇನ್ನೂ ವಿಚಿತ್ರ. ನಿಮ್ಹಾನ್ಸ್‌ನವರು ಬೆಂಗಳೂರು ನಗರ ಹಾಗೂ ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಾಡಿದ ಅಧ್ಯಯನದಲ್ಲಿ, ಒಂದು ವರ್ಷದ ಅವಧಿಯಲ್ಲಿ 100ಕ್ಕೆ ಸುಮಾರು 64 ಜನರಿಗೆ ತಲೆನೋವು ಬಂದಿತ್ತು, ಸುಮಾರು 25 ಜನರಿಗೆ ಮೈಗ್ರೇನ್ ಇತ್ತು. ನಾಲ್ವರಲ್ಲಿ ಒಬ್ಬರು! ಹೆಂಗಸರಲ್ಲೇ ಜಾಸ್ತಿ. ಆದರೂ ನಮ್ಮ ಕಡೆ ಇದಕ್ಕೆ ಡಾಕ್ಟರ್ ಹತ್ತಿರ ಹೋಗುವವರು ಕಡಿಮೆ, "ನಮ್ಮಮ್ಮಂಗೂ ಇತ್ತು, ನಂಗೂ ಇದೆ" ಅಂತ ಮಾತ್ರೆ ನುಂಗಿ ಅಡುಗೆಮನೆಗೆ ಹೋಗುತ್ತಾರೆ. ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ ಸಾಧಾರಣ ನೋವಿನ ಮಾತ್ರೆ, ಅಥವಾ 10 ದಿನ ಅಥವಾ ಅದಕ್ಕಿಂತ ಜಾಸ್ತಿ ಜೋಡಿ ಮಾತ್ರೆ, ಮೂರು ತಿಂಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡರೆ ಆ ಮಾತ್ರೆಯೇ ತಲೆನೋವು ತರಿಸಲು ಶುರು ಮಾಡುತ್ತದೆ. ಬೆಳಗ್ಗೆ ಏಳುವಾಗಲೇ ತಲೆ ಹಿಡಿದಿರುತ್ತದೆ, ಮಾತ್ರೆ ತಗೊಂಡರೆ ಬಿಡುತ್ತದೆ, ಮಾರನೇ ದಿನ ಮತ್ತೆ ಅದೇ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಮೈಗ್ರೇನ್ ಬರದಂತೆ ತಡೆಯುವ ಔಷಧಿಗಳಿವೆ. ಈ ಮಾತ್ರೆಯ ಸುತ್ತಿನಿಂದ ಹೊರಗೆ ಬರಲು ಡಾಕ್ಟರ್ ಕೈಹಿಡಿದು ದಾಟಿಸಬೇಕು, ಒಬ್ಬರೇ ಮಾಡುವುದು ಕಷ್ಟ. ಕ್ಯಾಲೆಂಡರ್ ಮೇಲೆ ಮಾತ್ರೆ ತಗೊಂಡ ದಿನಕ್ಕೆ ಒಂದು ಚುಕ್ಕಿ ಇಡಿ, ತಿಂಗಳ ಕೊನೆಗೆ ಎಣಿಸಿ. ಅದೊಂದೇ ಕಾಗದ ತಗೊಂಡು ಹೋದರೂ ಡಾಕ್ಟರ್‌ಗೆ ಅರ್ಧ ವಿಷಯ ತಿಳಿಯುತ್ತದೆ.

ಕಟ್ಟು, ಪುಡಿ, ಬೆಲ್ಟು. ಊರಿಡೀ ಮೂಳೆ, ಉಳುಕಿಗೆ ನಾಟಿ ವೈದ್ಯರು ಹಾಕುವ ಪುತ್ತೂರು ಕಟ್ಟಿನ ಬೋರ್ಡ್ ಕಾಣುತ್ತದೆ. ಜನ ಸುಮ್ನೆ ಹೋಗುವುದಿಲ್ಲ. ಅಲ್ಲಿ ಮುಟ್ಟಿ ನೋಡುತ್ತಾರೆ, ಮಾತಾಡುತ್ತಾರೆ, ಕಡಿಮೆ ದುಡ್ಡಿಗೆ ಆಗುತ್ತದೆ. ಮೂಳೆ ಮುರಿದಿದ್ದರೆ ಮಾತ್ರ ದಯವಿಟ್ಟು ಹೋಗಬೇಡಿ. ಕಟ್ಟು ಬಿಗಿಯಾಗಿ ರಕ್ತ ನಿಂತು ಕೈಕಾಲೇ ಕಳೆದುಕೊಂಡವರಿದ್ದಾರೆ. ಹೆಸರಿಲ್ಲದ ಪುಡಿ, ಪೊಟ್ಟಣದಲ್ಲಿ ಕೊಡುವ ಬಿಡಿ ಮಾತ್ರೆ ಇನ್ನೂ ಅಪಾಯ, ಇಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಪತ್ತೆಯಾಗಿದೆ. ವರ್ಷಗಳ ಕೀಲುನೋವು ಎರಡೇ ದಿನಕ್ಕೆ ಮಾಯ, ಹಸಿವು ಜಾಸ್ತಿ, ಮುಖ ಊದಿಕೊಂಡಿದೆ, ಶುಗರ್ ಏರಿದೆ ಅಂದರೆ ಅನುಮಾನ ಪಡಿ. ಆದರೆ ಬಹಳ ದಿನ ತಗೊಂಡಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ, ಡಾಕ್ಟರ್ ಕೇಳಿ ಇಳಿಸಬೇಕು. ಬೆಲ್ಟು ಹಾಗೂ ಸೊಂಟ ಎಳೆಯುವ ಟ್ರ್ಯಾಕ್ಷನ್, ಎರಡನ್ನೂ ದೀರ್ಘಕಾಲದ ಸೊಂಟನೋವಿಗೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಹೇಳಿದೆ.

ಅದೇ ಮಾರ್ಗಸೂಚಿ ಬೇಕು ಅಂತ ಹೇಳಿದ್ದು ಏನನ್ನು? ನೋವಿನ ಬಗ್ಗೆ ತಿಳಿಸಿ ಹೇಳುವುದು, ವ್ಯಾಯಾಮ, ಮನಸ್ಸಿಗೆ ಸಂಬಂಧಿಸಿದ ಚಿಕಿತ್ಸೆ, ಬೇಕಾದಾಗ ಮಸಾಜ್‌ನಂಥ ಕೈಚಿಕಿತ್ಸೆ, ಕೆಲವು ಔಷಧಿ. ತಿಳಿಸಿ ಹೇಳುವುದೂ ಚಿಕಿತ್ಸೆಯೇ ಅಂತ ಅವರೇ ಬರೆದಿದ್ದಾರೆ. ನಮ್ಮಲ್ಲಿ ಅದಕ್ಕೇ ಬಿಲ್ ಇಲ್ಲ, ಟೈಮ್ ಇಲ್ಲ.

ಅಮ್ಮನ ವಿಷಯದಲ್ಲಿ ದಾರಿ ತೋರಿಸಿದ್ದು ಒಬ್ಬ ಫಿಸಿಯೋ ಹುಡುಗಿ. ಅವಳು ಮೊದಲು ಮಂಡಿ ಮುಟ್ಟಲೇ ಇಲ್ಲ. "ಅಮ್ಮ, ನೋವು ಬಂದ ಮೇಲೆ ಏನೇನು ಕೆಲಸ ಬಿಟ್ಟಿದ್ದೀರಾ?" ಅಂತ ಕೇಳಿದಳು. ಅಮ್ಮ ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟರು. ಎರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಆಮೇಲೆ ಕೊಟ್ಟ ವ್ಯಾಯಾಮ ತೀರಾ ಸಣ್ಣದು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಹತ್ತು ಸಲ. ಗೇಟಿನವರೆಗೆ ನಡಿಗೆ, ವಾರಕ್ಕೊಮ್ಮೆ ಒಂದು ಮನೆಯಷ್ಟು ಮುಂದೆ. ಮಂಡಿಗೆ ಮಾತ್ರೆ ಬದಲು ಹಚ್ಚುವ ಜೆಲ್, ಅದರಲ್ಲೂ ಅದೇ ಔಷಧಿ ಇದ್ದರೂ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಮತ್ತೆ ಒಂದು ಕಟ್ಟಪ್ಪಣೆ: ಚೆನ್ನಾಗಿರುವ ದಿನವೂ ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ಮಾಡಬಾರದು, ನೋವಿರುವ ದಿನವೂ ಪೂರ್ತಿ ಬಿಡಬಾರದು. ನಮ್ಮ ಮನೆಗಳಲ್ಲಿ ಆಗುವುದು ಇದಕ್ಕೆ ಉಲ್ಟಾ ಅಲ್ವಾ? ಯುಗಾದಿಗೆ ಮುಂಚೆ ಒಂದೇ ದಿನ ಅಟ್ಟದಿಂದ ಹಿಡಿದು ಬಚ್ಚಲವರೆಗೆ ತೊಳೆದು, ಹಬ್ಬದ ದಿನ ಎದ್ದೇಳಲಾಗದೆ ಮಲಗುವುದು.

ಯೋಗಕ್ಕೂ ಇಲ್ಲಿ ಜಾಗ ಇದೆ. ಜಿಗಣಿಯ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲದ ಸೊಂಟನೋವಿನ 80 ಜನರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವಾರ ಅಲ್ಲೇ ಉಳಿದು ಯೋಗ ಮಾಡಿದವರಿಗೆ ಬೇರೆ ವ್ಯಾಯಾಮ ಮಾಡಿದವರಿಗಿಂತ ಜಾಸ್ತಿ ಅನುಕೂಲ ಕಂಡಿತು. ಒಂದು ವಾರದ ಅಧ್ಯಯನ ಅದು, ಅದರಿಂದ ಜೀವನಪೂರ್ತಿಯ ಭರವಸೆ ಕೊಡಲಾಗದು. ನನ್ನ ಮಟ್ಟಿಗೆ ನಡಿಗೆಯೋ ಯೋಗವೋ ಈಜೋ, ಯಾವುದನ್ನು ಆರು ತಿಂಗಳು ಬಿಡದೆ ಮಾಡಬಲ್ಲಿರೋ ಅದೇ ನಿಮಗೆ ಒಳ್ಳೆಯದು.

ಇನ್ನೊಂದು ಗುಂಪಿನ ಜನರ ಬಗ್ಗೆ ನನಗೆ ತುಂಬಾ ಸಂಕಟ. ರಿಪೋರ್ಟ್ ಎಲ್ಲಾ ನಾರ್ಮಲ್, ಆದರೆ ಮೈತುಂಬಾ ನೋವು. ಮನೆಯಲ್ಲಿ "ನಾಟಕ" ಅನ್ನುತ್ತಾರೆ, ಕ್ಲಿನಿಕ್‌ನಲ್ಲಿ "ಏನೂ ಇಲ್ಲ ನಿಮಗೆ" ಅನ್ನುತ್ತಾರೆ. ಫೈಬ್ರೊಮಯಾಲ್ಜಿಯಾದಂಥ ನೋವು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಆ ಅಲಾರಂ ಉದಾಹರಣೆ ಹೇಳಿದೆನಲ್ಲ, ಅದು ಇವರಿಗೇ ಜಾಸ್ತಿ ಹೊಂದುತ್ತದೆ. ಒಳ್ಳೆ ಡಾಕ್ಟರ್ ಸಿಕ್ಕಿ ಅಮಿಟ್ರಿಪ್ಟಿಲಿನ್ ಅಥವಾ ಡ್ಯುಲೋಕ್ಸೆಟಿನ್ ಬರೆದುಕೊಟ್ಟರು ಅಂದುಕೊಳ್ಳಿ. ಮನೆಗೆ ಬಂದು ಮೊಬೈಲಿನಲ್ಲಿ ಹೆಸರು ಹುಡುಕಿದರೆ ಖಿನ್ನತೆಯ ಮಾತ್ರೆ ಅಂತ ಬರುತ್ತದೆ. "ನನಗೆ ಹುಚ್ಚು ಅಂದುಕೊಂಡ್ರಾ" ಅಂತ ಬಿಸಾಡುತ್ತಾರೆ. ಆ ಮಾತ್ರೆ ನೋವಿನ ಸಂದೇಶ ಸಾಗಿಸುವ ನರಗಳ ಮೇಲೇ ಕೆಲಸ ಮಾಡುತ್ತದೆ, ಫಲ ಕಾಣಲು ಕೆಲವು ವಾರ ಬೇಕು, ಮೊದಲು ಬಾಯಿ ಒಣಗಬಹುದು, ಮಂಪರು ಬರಬಹುದು. ಇಷ್ಟು ಹೇಳಲು ಒಂದು ನಿಮಿಷ ಸಾಕು. ಆ ಒಂದು ನಿಮಿಷ ಸಿಗದೆ ಸರಿಯಾದ ಔಷಧಿ ಕಸಕ್ಕೆ ಹೋಗುತ್ತದೆ. ಕ್ಯಾನ್ಸರ್ ನೋವಿನಲ್ಲೂ ಹೀಗೇ. ಮಾರ್ಫಿನ್ ಅಂದರೆ ಕೊನೆಗಾಲ ಅಂತ ಮನೆಯವರು ಹೆದರಿ ಬೇಡ ಅನ್ನುತ್ತಾರೆ. 2014ರಲ್ಲಿ ಕಾನೂನು ತಿದ್ದಿ ನೋವಿಗೆ ಅದು ಸಿಗುವುದನ್ನು ಸುಲಭ ಮಾಡಿದ್ದಾರೆ. ಮುಂದುವರಿದ ಕ್ಯಾನ್ಸರ್ ಇರುವವರನ್ನು ನಮ್ಮ ಊರಿನ ಕರುಣಾಶ್ರಯದಲ್ಲಿ ಉಚಿತವಾಗಿ ನೋಡಿಕೊಳ್ಳುತ್ತಾರೆ. ಆ ನೋವನ್ನು ಸಹಿಸಿಕೊಂಡೇ ಇರಬೇಕಾಗಿಲ್ಲ.

ತಡ ಮಾಡಬಾರದ ನೋವುಗಳಿವೆ. ಸೊಂಟನೋವಿನ ಜೊತೆ ಮೂತ್ರ, ಮಲ ಹಿಡಿತ ತಪ್ಪಿದರೆ, ತೊಡೆಗಳ ನಡುವೆ ಸ್ಪರ್ಶ ಗೊತ್ತಾಗದಿದ್ದರೆ, ಪಾದ ಎತ್ತಲು ಆಗದಿದ್ದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಹೆಚ್ಚಾಗುವ ಬೆನ್ನುನೋವು ಇದ್ದರೆ ಬೆನ್ನುಮೂಳೆಯ ಟಿಬಿ ಇರಬಹುದು. ಮುಂಚೆ ಕ್ಯಾನ್ಸರ್ ಆಗಿದ್ದವರಿಗೆ, ಬಿದ್ದ ಮೇಲೆ ನೋವು ಶುರುವಾದ ವಯಸ್ಸಾದವರಿಗೆ ಸ್ಕ್ಯಾನ್ ಬೇಕೇ ಬೇಕು. ಎದೆ, ಎಡಗೈ, ದವಡೆ ನೋವಿಗೆ ಬೆವರು ಸೇರಿದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ, ಹತ್ತಿರದ ಆಸ್ಪತ್ರೆಯಲ್ಲಿ ತಕ್ಷಣ ಇಸಿಜಿ ಮಾಡಿಸಿ.

ಉಳಿದವರು ಎಲ್ಲಿಗೆ ಹೋಗಬೇಕು? ಜಯನಗರ ಕಡೆ ಸಂಜಯ್ ಗಾಂಧಿ ಟ್ರಾಮಾ ಸಂಸ್ಥೆ, ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲಿ ಕಡಿಮೆ ಖರ್ಚಿಗೆ ತೋರಿಸಬಹುದು. ಪೇನ್ ಕ್ಲಿನಿಕ್‌ಗಳನ್ನು ಹೆಚ್ಚಾಗಿ ಅರಿವಳಿಕೆ ವಿಭಾಗದವರೇ ನಡೆಸುತ್ತಾರೆ, ದೊಡ್ಡ ಆಸ್ಪತ್ರೆಯಲ್ಲಿ ಆ ವಿಭಾಗದಲ್ಲಿ ಕೇಳಿ ನೋಡಿ. ಬಿಡದ ತಲೆನೋವಿಗೆ ನಿಮ್ಹಾನ್ಸ್. ನೋವಿನ ಜೊತೆ ನಿದ್ದೆ, ಮನಸ್ಸು ಎರಡೂ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ತಗೊಳ್ಳುತ್ತಿರುವ ಎಲ್ಲಾ ಮಾತ್ರೆಯ ಸ್ಟ್ರಿಪ್ ಒಂದು ಕವರಲ್ಲಿ ಹಾಕಿಕೊಳ್ಳಿ. "ನೋವು ಇದೆ" ಅನ್ನುವುದಕ್ಕಿಂತ "ಇಪ್ಪತ್ತು ನಿಮಿಷ ನಿಂತರೆ ಕಾಲು ಜುಮ್ಮನ್ನುತ್ತೆ, ಮಗುವನ್ನು ಎತ್ತಲು ಆಗುತ್ತಿಲ್ಲ" ಅಂತ ಹೇಳಿ. ಎದ್ದು ಬರುವ ಮುಂಚೆ ಮಾತ್ರೆ ಎಷ್ಟು ದಿನ, ನನ್ನ ಬಿಪಿ ಮಾತ್ರೆಗೆ ಹೊಂದುತ್ತದಾ ಅಂತ ಕೇಳಿ. ಮೆಡಿಕಲ್ ಶಾಪಿನಲ್ಲೂ ಫಾರ್ಮಸಿಸ್ಟ್ ಯಾರು ಅಂತ ಕೇಳಿ ಅವರ ಹತ್ತಿರವೇ ಮಾತಾಡಿ, ಮಾತ್ರೆಯ ಬಗ್ಗೆ ತಿಳಿಸಿ ಹೇಳುವುದು ಅವರ ಕೆಲಸ ಅಂತ 2015ರ ನಿಯಮಗಳಲ್ಲೇ ಇದೆ.

ಆದರೆ ಇದೆಲ್ಲಾ ಹಗಲು ಬಿಡುವಿರುವವರಿಗೆ. ಸರ್ಕಾರದ "ನಮ್ಮ ಕ್ಲಿನಿಕ್"ಗಳು ಬೆಂಗಳೂರಲ್ಲಿ 2023ರಲ್ಲಿ ಶುರುವಾದಾಗ ನನಗೆ ತುಂಬಾ ಖುಷಿ ಆಗಿತ್ತು, ಬಿಪಿ, ಶುಗರ್ ನೋಡುತ್ತಾರೆ, ದುಡ್ಡು ಕೊಡಬೇಕಿಲ್ಲ. ವಾರಕ್ಕೆ ಎರಡು ಸಂಜೆ ಅಲ್ಲಿ ಒಬ್ಬ ಫಿಸಿಯೋ ಕೂತರೆ ಎಷ್ಟು ಮಂಡಿ, ಎಷ್ಟು ಸೊಂಟ ಉಳಿಯುತ್ತವೋ! ಯಂತ್ರ ಬೇಕಿಲ್ಲ, ಒಂದು ಚಾಪೆ, ಒಂದು ಕುರ್ಚಿ, ಒಬ್ಬರಿಗೆ ಇಪ್ಪತ್ತು ನಿಮಿಷ ಸಾಕು. ಫ್ಯಾಕ್ಟರಿಗಳಲ್ಲಿ ಒರಗಲು ಬೆನ್ನಿರುವ ಕುರ್ಚಿ, ಗಂಟೆಗೊಮ್ಮೆ ಎರಡು ನಿಮಿಷ ಏಳುವ ಅವಕಾಶ ಕೊಡಬೇಕು.

ಆ ರಾತ್ರಿ ಕೌಂಟರ್ ಹತ್ತಿರ ಸಿಕ್ಕ ಅಕ್ಕನನ್ನು ನಾನು ಮಾತಾಡಿಸಿದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ಕಾರ್ಮಿಕರಿಗೆ ಇಎಸ್ಐ ಅನ್ನುವ ಆರೋಗ್ಯ ವಿಮೆ ಇರುತ್ತದೆ, ಸಂಬಳದಲ್ಲಿ ಶೇ. 0.75 ಕಟ್ ಆಗುತ್ತದೆ, ಮಾಲೀಕರು ಶೇ. 3.25 ಹಾಕುತ್ತಾರೆ. ನಿಮಗಿದೆಯಾ ಅಂತ ಕೇಳಿದೆ. ಪರ್ಸ್ ತೆಗೆದು ಕಾರ್ಡ್ ತೋರಿಸಿದರು. "ಎಂಟು ವರ್ಷದಿಂದ ಕಟ್ ಆಗ್ತಿದೆ. ಹೆರಿಗೆಗೆ ಹೋಗಿದ್ದೆ, ಅಷ್ಟೇ. ಈಗ ಸೊಂಟ ತೋರಿಸೋಕೆ ಹೋಗ್ಬೇಕು ಅಂದ್ರೆ ರಜಾ ಹಾಕ್ಬೇಕು, ರಜಾ ಹಾಕಿದ್ರೆ ಅಟೆಂಡೆನ್ಸ್ ಬೋನಸ್ ಹೋಗುತ್ತೆ. ಸಂಜೆ ತೆಗೆದಿದ್ರೆ ಹೋಗ್ತಿದ್ದೆ ಕಣ್ರೀ" ಅಂದರು. ಮಾತ್ರೆಯನ್ನು ತರಕಾರಿ ಚೀಲದ ಪಕ್ಕದ ಜೇಬಿಗೆ ಹಾಕಿಕೊಂಡು, ಬಸ್ ಬಂತು ಅಂತ ಓಡಿದರು.